ಸಹಾಯ ಬೇಕು: ‘ಫಾರ್ ಆಲ್ ಮ್ಯಾನ್‌ಕೈಂಡ್’ ಸೀರಿಯಲ್ ನೋಡಿದವರು ಯಾರಾದರೂ ಇದ್ದೀರಾ?

ಎರಡನೇ ಸೀಸನ್ ನಿನ್ನೆ ರಾತ್ರಿ ಮುಗಿಸಿದೆ, ನಿದ್ದೆ ಹಾಳು. ಒಂದು ವಿಷಯ ಮಾತ್ರ ತಲೆಯಲ್ಲಿ ಕೊರೆಯುತ್ತಿದೆ. ಕಥೆಯಲ್ಲಿ 1969ರ ಜೂನ್‌ನಲ್ಲಿ ಚಂದ್ರನ ಮೇಲೆ ಮೊದಲು ಕಾಲಿಡುವುದು ಸೋವಿಯತ್‌ನ ಅಲೆಕ್ಸೈ ಲಿಯೊನೊವ್, ಆರ್ಮ್‌ಸ್ಟ್ರಾಂಗ್ ಅಲ್ಲ. ಇದಕ್ಕೆಲ್ಲ ಮೂಲ ಸೋವಿಯತ್ ರಾಕೆಟ್‌ಗಳ ಮುಖ್ಯ ವಿನ್ಯಾಸಕಾರ ಸೆರ್ಗೈ ಕೊರೊಲೆವ್ 1966ರಲ್ಲಿ ಸಾಯದೆ ಬದುಕಿ ಉಳಿದದ್ದು ಅಂತ ಸೀರಿಯಲ್ ಮಾಡಿದವರೇ ಹೇಳಿದ್ದಾರೆ. ಸರಿ, ಆದರೆ ನಿಜಕ್ಕೂ ಅವರೊಬ್ಬರು ಇದ್ದಿದ್ದರೆ ಸಾಕಾಗುತ್ತಿತ್ತಾ? ಚಂದ್ರನಿಗೆ ಹೋಗೋಕೆ ಸೋವಿಯತ್‌ನವರು ಕಟ್ಟಿದ ಎನ್1 ರಾಕೆಟ್‌ನ ಮೊದಲ ಹಂತದಲ್ಲೇ 30 ಎಂಜಿನ್ ಇದ್ದವು (ಅಮೆರಿಕದ ಚಂದ್ರಯಾನದ ರಾಕೆಟ್ ಸ್ಯಾಟರ್ನ್ 5ರ ಮೊದಲ ಹಂತದಲ್ಲಿ ಬರೀ 5!), ಅಷ್ಟೂ ಎಂಜಿನ್ ಸೇರಿದ ಇಡೀ ಹಂತವನ್ನು ಹಾರಿಸುವ ಮುಂಚೆ ನೆಲದ ಮೇಲೆ ಒಮ್ಮೆಯೂ ಉರಿಸಿ ನೋಡಿರಲಿಲ್ಲ, ಕೊನೆಗೆ 1969ರಿಂದ 1972ರವರೆಗೆ ನಾಲ್ಕು ಸಲ ಹಾರಿಸಿ ನಾಲ್ಕೂ ಸಲ ಸೋತರು. ಜುಲೈ 1969ರಲ್ಲಂತೂ ಲಾಂಚ್ ಪ್ಯಾಡೇ ಪುಡಿಪುಡಿ. ದುಡ್ಡು ಕಮ್ಮಿ, ರಾಕೆಟ್ ಎಂಜಿನ್ ವಿನ್ಯಾಸಕಾರ ಗ್ಲುಷ್ಕೊ ಜೊತೆ ಕೊರೊಲೆವ್‌ಗೆ ಇಂಧನದ ವಿಚಾರಕ್ಕೆ ಜಗಳ ಬೇರೆ. ನನಗಂತೂ ಅನುಮಾನವೇ.

ಈ ಬಗ್ಗೆ ಚೆನ್ನಾಗಿ ತಿಳಿದವರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್. ಕನ್ನಡದಲ್ಲಿ ಓದೋಕೆ ಏನಾದರೂ ಸಿಕ್ಕರೆ ಇನ್ನೂ ಖುಷಿ. ಮೂರನೇ ಸೀಸನ್ ಕಥೆ ಮಾತ್ರ ಹೇಳಬೇಡಿ, ಇವತ್ತು ರಾತ್ರಿ ಶುರು ಮಾಡ್ತೀನಿ!