ಗಟ್ಟಿ ಸ್ಪ್ರಿಂಗ್ ಹಾಕಿಸಿದ ಮೇಲೆ ಸ್ಲಿಪರ್ ಕ್ಲಚ್ ಕೆಲಸ ಮಾಡ್ತಿಲ್ಲ, ಹಿಂದಿನ ಚಕ್ರ ಕುಣಿಯುತ್ತಿದೆ

‘ಎರಡನೇ ಗೇರ್’ ಹೆಸರಿನ ಸದಸ್ಯರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಕವಾಸಾಕಿ ನಿಂಜಾ 300. ಇಲ್ಲಿಯವರೆಗೆ 38,000 ಕಿಲೋಮೀಟರ್ ಓಡಿದೆ. ಕಂಪನಿಯಿಂದಲೇ ಅಸಿಸ್ಟ್ ಅಂಡ್ ಸ್ಲಿಪರ್ ಕ್ಲಚ್ (ಗೇರ್ ಇಳಿಸಿದಾಗ ಸ್ವಲ್ಪ ಜಾರಿ ಹಿಂದಿನ ಚಕ್ರ ಕುಣಿಯದಂತೆ ತಡೆಯುವ ಕ್ಲಚ್) ಇರುವ ಗಾಡಿ.

ಎರಡು ತಿಂಗಳ ಹಿಂದೆ ಕ್ಲಚ್ ಜಾರೋಕೆ ಶುರುವಾಯಿತು. ಆರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೆ ಆರ್‌ಪಿಎಂ ಸರ್ರನೆ ಏರುತ್ತಿತ್ತು, ವೇಗ ಮಾತ್ರ ಇದ್ದಲ್ಲೇ ಇರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಪ್ಲೇಟ್ ಇನ್ನೂ ನಡೆಯುತ್ತೆ, ಸ್ಪ್ರಿಂಗ್ ಸೋತಿದೆ ಅಂದರು. ಬೇರೆ ಕಂಪನಿಯ ಗಟ್ಟಿ ಸ್ಪ್ರಿಂಗ್ ಸೆಟ್ ಹಾಕಿಕೊಟ್ಟರು.

ಜಾರೋದು ನಿಂತಿತು, ನಿಜ. ಆದರೆ ಲಿವರ್ ಭಾರವಾಗಿದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಬ್ರೇಕ್ ಹಿಡಿದು ನಾಲ್ಕರಿಂದ ಎರಡಕ್ಕೆ ಇಳಿಸಿದರೆ ಹಿಂದಿನ ಚಕ್ರ ತಕತಕ ಕುಣಿಯುತ್ತೆ. ಮೊದಲು ಹೀಗಿರಲಿಲ್ಲ. ಗೇರ್ ಇಳಿಸಿದಾಗ ಎಡಗೈ ಬೆರಳಿನ ಕೆಳಗೆ ಲಿವರ್ ಸಣ್ಣಗೆ ನಡುಗುತ್ತಿತ್ತು, ಅಷ್ಟೇ. ಈಗ ಆ ನಡುಕವೇ ಇಲ್ಲ. ಹೋದ ವಾರ ಟ್ರ್ಯಾಕಿನಲ್ಲಿ ಒಂದು ಬಲ ತಿರುವಿಗೆ ಇಳಿಯುವಾಗ ಹಿಂಬದಿ ಒಮ್ಮೆಲೇ ಪಕ್ಕಕ್ಕೆ ಹೋಯಿತು. ಬೀಳಲಿಲ್ಲ. ಆದರೆ ಆ ದಿನವಿಡೀ ಆ ತಿರುವು ಬಂದಾಗಲೆಲ್ಲ ಕೈ ಬಿಗಿಯಾಗುತ್ತಿತ್ತು.

ಸ್ಲಿಪರ್ ಹಾಳಾಗಿದೆಯಾ? ಪೂರ್ತಿ ಹೊಸ ಸ್ಲಿಪರ್ ಕ್ಲಚ್ ತಗೊಳ್ಳೋದೇ ಒಳ್ಳೇದಾ? ದಯವಿಟ್ಟು ತಿಳಿದವರು ಹೇಳಿ.

ಹಳೇ ಸವಾರ:

ನನ್ನನ್ನು ಕೇಳಿದರೆ ಸ್ಲಿಪರ್‌ಗೆ ದುಡ್ಡು ಸುರಿಯಬೇಡಿ. ಥ್ರಾಟಲ್ ಬ್ಲಿಪ್ ಮಾಡಿ, ಅಂದ್ರೆ ಒಂದು ಕ್ಷಣ ತಿರುಗಿಸಿ ಬಿಟ್ಟು, ಗೇರ್ ಇಳಿಸೋದು ಕಲಿಯಿರಿ. 2012ರವರೆಗಿನ ನಿಂಜಾ 250ಆರ್‌ನಲ್ಲಿ ಸ್ಲಿಪರ್ ಇರಲೇ ಇಲ್ಲ. ನಾವು ಅದರಲ್ಲೇ ಟ್ರ್ಯಾಕ್ ಓಡಿಸಿದವರು. ಒಂದೊಂದೇ ಗೇರ್ ಇಳಿಸಿ, ಕ್ಲಚ್ ನಿಧಾನಕ್ಕೆ ಬಿಡಿ. ಕುಣಿತ ತಾನಾಗೇ ನಿಲ್ಲುತ್ತೆ.

ಆಯಿಲ್ ಕೈ:

ಹಳೇ ಸವಾರರು ಹೇಳಿದ್ದು ಸರಿಯೇ, ಬ್ಲಿಪ್ ಎಲ್ಲರಿಗೂ ಬರಬೇಕು. ಆದರೆ ಇವರ ಗಾಡಿ ಮೊದಲು ಚೆನ್ನಾಗಿತ್ತು, ಸ್ಪ್ರಿಂಗ್ ಬದಲಿಸಿದ ಮೇಲೆ ಕೆಟ್ಟಿತು. ಓಡಿಸೋರೂ ಇವರೇ, ಓಡಿಸೋ ರೀತಿಯೂ ಅದೇ. ಹಾಗಾಗಿ ಮೊದಲು ಸ್ಪ್ರಿಂಗ್ ಕಡೆ ನೋಡೋಣ. ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನಾನೂ ಇದೇ ತಪ್ಪು ಮಾಡಿ ಒಂದು ಸೀಸನ್ ಪೂರ್ತಿ ಒದ್ದಾಡಿದ್ದೇನೆ.

ತಿರುಗಿಸಿ ಹಾಕುವ ಡಬ್ಬಿ ಮುಚ್ಚಳ ನೆನಪಿಸಿಕೊಳ್ಳಿ. ಒಂದು ಕಡೆ ತಿರುಗಿಸಿದರೆ ಬಿಗಿಯಾಗುತ್ತೆ, ಇನ್ನೊಂದು ಕಡೆಗೆ ತಿರುಗಿಸಿದರೆ ಮೇಲೇಳುತ್ತೆ. ನಿಮ್ಮ ಕ್ಲಚ್ಚಿನ ಹಬ್‌ಗೂ (ನಡುವಿನ ಭಾಗ) ಪ್ರೆಷರ್ ಪ್ಲೇಟ್‌ಗೂ (ಉಳಿದ ಪ್ಲೇಟ್‌ಗಳನ್ನು ಒತ್ತಿ ಹಿಡಿಯುವ ತಟ್ಟೆ) ನಡುವೆ ಇರುವ ಕ್ಯಾಮ್‌ಗಳ ಓರೆ ಮುಖ ಮಾಡೋದು ಇದನ್ನೇ. ಎಂಜಿನ್ ಚಕ್ರವನ್ನು ತಳ್ಳುವಾಗ ಕ್ಯಾಮ್ ಪ್ರೆಷರ್ ಪ್ಲೇಟನ್ನು ಒಳಕ್ಕೆ ಎಳೆದು ಪ್ಲೇಟ್‌ಗಳನ್ನು ಇನ್ನಷ್ಟು ಒತ್ತುತ್ತೆ. ಇದು ಅಸಿಸ್ಟ್. ಗೇರ್ ಇಳಿಸಿದಾಗ ಉಲ್ಟಾ. ಚಕ್ರವೇ ಎಂಜಿನ್ನನ್ನು ತಿರುಗಿಸೋಕೆ ಹೋಗುತ್ತೆ, ಆಗ ಕ್ಯಾಮ್ ಪ್ರೆಷರ್ ಪ್ಲೇಟನ್ನು ಹೊರಕ್ಕೆ ಎತ್ತುತ್ತೆ. ಒತ್ತಡ ಕಡಿಮೆಯಾಗಿ ಪ್ಲೇಟ್‌ಗಳು ಸ್ವಲ್ಪ ಜಾರುತ್ತವೆ. ನಿಮ್ಮ ಬೆರಳಿಗೆ ಸಿಗುತ್ತಿದ್ದ ಆ ನಡುಕ ಇದೇ, ಪ್ಲೇಟ್ ಎದ್ದು ಕೂರುವ ಅಲುಗಾಟ.

ಒತ್ತೋ ಕೆಲಸದಲ್ಲಿ ಒಂದು ಪಾಲು ಕ್ಯಾಮ್ ಮಾಡೋದರಿಂದಲೇ ಕಂಪನಿಯವರು ಮೆತ್ತಗಿನ ಸ್ಪ್ರಿಂಗ್ ಹಾಕಿರುತ್ತಾರೆ. ಲಿವರ್ ಹಗುರ ಇರೋದೂ ಅದಕ್ಕೇ. ಈಗ ನೀವು ಗಟ್ಟಿ ಸ್ಪ್ರಿಂಗ್ ಹಾಕಿಸಿದ್ದೀರಿ. ಆ ಸ್ಪ್ರಿಂಗನ್ನು ಎದುರಿಸಿ ಪ್ಲೇಟ್ ಎತ್ತೋಕೆ ಕ್ಯಾಮ್‌ಗೆ ಇನ್ನೂ ಜಾಸ್ತಿ ಬಲ ಬೇಕು. ಅಷ್ಟು ಬಲ ಬರುವ ಮೊದಲೇ ಟೈರ್ ಹಿಡಿತ ಬಿಟ್ಟುಬಿಡುತ್ತೆ. ಸ್ಲಿಪರ್ ಒಳಗೇ ಇದೆ, ಆದರೆ ನೀವೇ ಅದರ ಕೈ ಕಟ್ಟಿಹಾಕಿದ ಹಾಗಾಗಿದೆ.

ಇನ್ನೊಂದು ಮಾತು. ಕ್ಲಚ್ ಜಾರೋಕೆ ಶುರುವಾಗಿದ್ದು ಯಾಕೆ ಅಂತ ಯಾರೂ ನೋಡಲಿಲ್ಲ, ಅಲ್ವಾ? ನನಗೆ ಬೇಜಾರಾಗೋದು ಇಲ್ಲೇ. ಕ್ಲಚ್ ಜಾರಿದರೆ ಮೊದಲು ನೋಡಬೇಕಾದ್ದು ಕೇಬಲ್. ಲಿವರ್ ಬುಡದಲ್ಲಿ 2ರಿಂದ 3 ಮಿ.ಮೀ. ಸಡಿಲ ಇರಬೇಕು. ಅದು ಇಲ್ಲದಿದ್ದರೆ ನೀವು ಲಿವರ್ ಮುಟ್ಟದೇ ಇದ್ದರೂ ಕ್ಲಚ್ ಅರ್ಧ ಹಿಡಿದ ಹಾಗೇ ಇರುತ್ತೆ. ಆಮೇಲೆ ಆಯಿಲ್. ಇದು ಎಂಜಿನ್ ಆಯಿಲ್‌ನಲ್ಲೇ ಮುಳುಗಿರೋ ಕ್ಲಚ್. ಕಾರಿನ ಆಯಿಲ್‌ನಲ್ಲಿ ಘರ್ಷಣೆ ಕಡಿಮೆ ಮಾಡುವ ಪದಾರ್ಥ ಸೇರಿಸಿದ್ದರೆ ಪ್ಲೇಟ್ ಜಾರುತ್ತೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (ಇಂಥ ಕ್ಲಚ್‌ಗೆ ಹೊಂದುವ ಬೈಕ್ ಆಯಿಲ್ ಎಂದು ಹೇಳುವ ಜಪಾನಿನ ಗುರುತು) ಅಂತ ಇರಲೇಬೇಕು. ಇವೆರಡೂ ಸರಿ ಇದ್ದರೆ ಮಾತ್ರ ಕವರ್ ಬಿಚ್ಚಿ.

ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಎಡಕ್ಕೆ ವಾಲುತ್ತೆ, ಕ್ಲಚ್ ಇರೋದು ಬಲಕ್ಕೆ. ಹಾಗಾಗಿ ಆಯಿಲ್ ಪೂರ್ತಿ ಖಾಲಿ ಮಾಡದೆಯೂ ಕೆಲಸ ಆಗುತ್ತೆ. ಕವರ್‌ಗೆ ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ಮೊದಲೇ ತಂದಿಟ್ಟುಕೊಳ್ಳಿ. ಸ್ಪ್ರಿಂಗ್ ಬೋಲ್ಟ್‌ಗಳನ್ನು ಒಂದೇ ಸಲ ಬಿಚ್ಚಬೇಡಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಫ್ರಿಕ್ಷನ್ ಪ್ಲೇಟ್ (ಹಿಡಿತದ ಪದರ ಇರುವ ಪ್ಲೇಟ್) ದಪ್ಪವನ್ನು ವರ್ನಿಯರ್‌ನಿಂದ ಅಳೆದು ಸರ್ವಿಸ್ ಮ್ಯಾನುಯಲ್ ಜೊತೆ ಹೋಲಿಸಿ. ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲೆ ಇಟ್ಟು ಸುತ್ತ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ, ಸೊಟ್ಟಗಾಗಿದ್ದರೆ ಗೊತ್ತಾಗುತ್ತೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಸುಟ್ಟಿರೋದು.

ಕೊನೆಗೆ ಕ್ಯಾಮ್. ಓರೆ ಮುಖದ ಮೇಲೆ ಬೆರಳಾಡಿಸಿ. ಹೊಳಪು ಇರಬಹುದು, ಅದು ಸಹಜ. ಗುಳಿ ಇರಬಾರದು. ಬಾಸ್ಕೆಟ್ (ಪ್ಲೇಟ್‌ಗಳು ಕೂರುವ ಹೊರಗಿನ ಬುಟ್ಟಿ) ಹಲ್ಲುಗಳ ಪಕ್ಕವನ್ನೂ ಹಾಗೇ ಉಗುರಿನಿಂದ ಕೆರೆದು ನೋಡಿ. ಪ್ಲೇಟ್ ಬಡಿದು ಬಡಿದು ಅಲ್ಲಿ ಗೆರೆ ಬಿದ್ದಿರುತ್ತೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ಪ್ಲೇಟ್ ಸಲೀಸಾಗಿ ಸರಿಯಲ್ಲ, ಆಗ ಎಂಥ ಸ್ಲಿಪರ್ ಹಾಕಿದರೂ ಒಂದೇ.

ಕ್ಯಾಮ್ ಚೆನ್ನಾಗಿದ್ದರೆ ಹೊಸ ಸ್ಲಿಪರ್ ಬೇಡವೇ ಬೇಡ. ಒರಿಜಿನಲ್ ಸ್ಪ್ರಿಂಗ್, ಹೊಸ ಪ್ಲೇಟ್, ಅಷ್ಟು ಸಾಕು. ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನು ಹಿಂದಿನ ರಾತ್ರಿಯೇ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ಒಣ ಪ್ಲೇಟ್ ಹಾಕಿ ಓಡಿಸಿದರೆ ಸುಡಬಹುದು. ಬೋಲ್ಟ್ ಬಿಗಿಯೋಕೆ ಟಾರ್ಕ್ ರೆಂಚ್ ಬಳಸಿ. ಅವು ಸಣ್ಣ ಬೋಲ್ಟ್‌ಗಳು, ಕೈ ಅಂದಾಜಿನಲ್ಲಿ ಬಿಗಿದರೆ ಹಬ್‌ನ ಮರೆಯೇ (ಥ್ರೆಡ್) ಕಿತ್ತು ಬರಬಹುದು.

ಸಿಂಗಲ್ ಸಿಲಿಂಡರ್:

ಆಯಿಲ್ ಕೈ ಅವರ ಮಾತಿಗೆ ಒಂದು ಸೇರಿಸ್ತೀನಿ. ನನ್ನದು ಕೆಟಿಎಂ ಆರ್‌ಸಿ 390. ಅದರಲ್ಲೂ ಸ್ಲಿಪರ್ ಇದೆ. ಸ್ಲಿಪರ್ ಇದೆ ಅಂತ ಧೈರ್ಯ ಮಾಡಿ ಜಾಸ್ತಿ ವೇಗದಲ್ಲಿ ಎರಡು ಗೇರ್ ಒಟ್ಟಿಗೆ ಇಳಿಸಬೇಡಿ. ಸ್ಲಿಪರ್ ಒತ್ತಡ ಕಡಿಮೆ ಮಾಡುತ್ತೆ, ಪೂರ್ತಿ ಬಿಡಿಸಲ್ಲ. ಚಕ್ರ ಎಂಜಿನ್ನನ್ನು ಕೆಂಪು ಗೆರೆ (ಆರ್‌ಪಿಎಂನ ಗರಿಷ್ಠ ಮಿತಿ) ದಾಟಿಸಬಹುದು. ಅಲ್ಲಿ ರೆವ್ ಲಿಮಿಟರ್ ಏನೂ ಮಾಡೋಕಾಗಲ್ಲ, ಅದು ಇಂಧನ ಅಥವಾ ಕಿಡಿ ಮಾತ್ರ ನಿಲ್ಲಿಸುತ್ತೆ. ವಾಲ್ವ್ ಪಿಸ್ಟನ್‌ಗೆ ಬಡಿದರೆ ಎಂಜಿನ್ ಹೋಯಿತು. ಮೊದಲು ಬ್ರೇಕ್, ಆಮೇಲೆ ಗೇರ್.

ಎರಡನೇ ಗೇರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಭಾನುವಾರ ಪೂರ್ತಿ ಕೂತು ಬಿಚ್ಚಿದೆ. ಆಯಿಲ್ ಸರಿಯಾದದ್ದೇ ಇತ್ತು. ಕೇಬಲ್‌ನಲ್ಲಿ ಮಾತ್ರ ಸಡಿಲವೇ ಇರಲಿಲ್ಲ, ಸೊನ್ನೆ. ಎಷ್ಟು ದಿನದಿಂದ ಹಾಗೇ ಓಡಿಸಿದ್ದೀನೋ. ಸ್ಟೀಲ್ ಪ್ಲೇಟ್‌ಗಳಲ್ಲಿ ಎರಡು ನೀಲಿ ತಿರುಗಿದ್ದವು. ಫ್ರಿಕ್ಷನ್ ಪ್ಲೇಟ್‌ಗಳು ಮ್ಯಾನುಯಲ್ ಹೇಳುವ ಮಿತಿಗಿಂತ ಕೆಳಗೆ ಸವೆದಿದ್ದವು. ಇನ್ನೂ ನಡೆಯುತ್ತೆ ಅಂದ ಪ್ಲೇಟ್‌ಗಳು ಇವೇ.

ಕ್ಯಾಮ್ ಮುಖ ಕನ್ನಡಿ ಹಾಗಿದೆ, ಒಂದು ಗುಳಿಯೂ ಇಲ್ಲ. ಬಾಸ್ಕೆಟ್ ಹಲ್ಲಿನ ಮೇಲೆ ಗೆರೆ ಕಾಣುತ್ತೆ, ಆದರೆ ಉಗುರು ಸಿಕ್ಕಲಿಲ್ಲ. ಪ್ಲೇಟ್ ಸೆಟ್ ಮತ್ತು ಒರಿಜಿನಲ್ ಸ್ಪ್ರಿಂಗ್ ಮೊದಲೇ ತಂದಿದ್ದೆ, ಪ್ಲೇಟ್‌ಗಳನ್ನು ಶನಿವಾರ ರಾತ್ರಿಯೇ ನೆನೆಸಿಟ್ಟಿದ್ದೆ. ಸಂಜೆ ಐದಕ್ಕೆ ಕವರ್ ಮುಚ್ಚಿ, ಕೇಬಲ್‌ಗೆ ಎರಡೂವರೆ ಮಿ.ಮೀ. ಸಡಿಲ ಕೊಟ್ಟೆ.

ಇವತ್ತು ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನೋಡಿದೆ. ಆರನೇ ಗೇರ್, ಪೂರ್ತಿ ಥ್ರಾಟಲ್, ಜಾರಲಿಲ್ಲ. ಬ್ರೇಕ್ ಹಿಡಿದು ನಾಲ್ಕರಿಂದ ಮೂರು, ಮೂರರಿಂದ ಎರಡು. ಹಿಂದಿನ ಚಕ್ರ ನೆಲ ಬಿಡಲಿಲ್ಲ. ಲಿವರ್ ಬೆರಳಿನ ಕೆಳಗೆ ಮತ್ತೆ ನಡುಗಿತು.

ಒಂದು ಅನುಮಾನ ಉಳಿದಿದೆ. ಹೊಸ ಪ್ಲೇಟ್ ಕೂರೋವರೆಗೆ ಕೇಬಲ್ ಸಡಿಲ ಮತ್ತೆ ಬದಲಾಗುತ್ತಾ?

ಆಯಿಲ್ ಕೈ:

ಆಗುತ್ತೆ. ಹೊಸ ಪ್ಲೇಟ್ ಸವೆದ ಹಾಗೆ ಸಡಿಲ ಕಡಿಮೆಯಾಗುತ್ತಾ ಬರುತ್ತೆ. ಮೊದಲ ಐನೂರು ಕಿಲೋಮೀಟರ್ ಒಳಗೆ ಒಂದೆರಡು ಸಲ ನೋಡಿ, ಎಂಜಿನ್ ತಣ್ಣಗಿರುವಾಗ. ಆ ಗಟ್ಟಿ ಸ್ಪ್ರಿಂಗ್‌ಗಳನ್ನು ಈ ಗಾಡಿಗೆ ಮತ್ತೆ ಹಾಕಬೇಡಿ.