ಥ್ರಿಲ್ಲರ್, ಗೋಥಿಕ್, ಹಾರರ್, ಪ್ರೇಮ: ಓದುಬಳಗಕ್ಕೆ ಯಾವ ಕಾದಂಬರಿ?

ಓದುಮೇಜು: ನಮ್ಮ ಓದುಬಳಗಕ್ಕೆ ನಾಲ್ಕು ತಿಂಗಳ ಪಟ್ಟಿ ಬೇಕು. ಥ್ರಿಲ್ಲರ್, ಗೋಥಿಕ್, ಹಾರರ್, ಪ್ರೇಮ, ತಿಂಗಳಿಗೊಂದು. ಆದಷ್ಟೂ ಹೊಸತಿರಲಿ, ಕನ್ನಡದ್ದಾದರೆ ಇನ್ನೂ ಒಳ್ಳೇದು. ಬರೀ ಹೆಸರು ಉದುರಿಸಬೇಡಿ, ಯಾಕೆ ಅಂತಾನೂ ಹೇಳಿ.

ಮೆಣಸಿನಬಳ್ಳಿ: ಥ್ರಿಲ್ಲರ್‌ಗೆ ಕೆ.ಎನ್. ಗಣೇಶಯ್ಯನವರ ‘ಬಳ್ಳಿಕಾಳ ಬೆಳ್ಳಿ’. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಿದ್ದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಸುತ್ತ ಹೆಣೆದದ್ದು. ಒಂದು ಎಚ್ಚರಿಕೆ. ಗಣೇಶಯ್ಯ ಕೃಷಿ ವಿಜ್ಞಾನಿ, ಕಾದಂಬರಿಗೂ ಆಧಾರ, ಟಿಪ್ಪಣಿ ಕೊಡೋ ಪೈಕಿ. ಓದ್ತಾ ಓದ್ತಾ ಪ್ರತಿ ಟಿಪ್ಪಣಿಗೂ ನಿಂತರೆ ಕಥೆಯ ಓಟ ಸತ್ತೇ ಹೋಗುತ್ತೆ. ಅಧ್ಯಾಯ ಮುಗಿಸಿ ಆಮೇಲೆ ನೋಡಿ. ಬಳಗದಲ್ಲಿ ಮಾತಿಗೆ ಅದೇ ಸರಕು: ಚರಿತ್ರೆ ಎಲ್ಲಿ ಮುಗೀತು, ಕಲ್ಪನೆ ಎಲ್ಲಿ ಶುರುವಾಯ್ತು.

ರಾತ್ರಿಪಾಳಿ: ಗಣೇಶಯ್ಯನವರಲ್ಲಿ ಮಾಹಿತಿ ಭರ್ಜರಿ, ಒಪ್ಪಿದೆ. ಆದರೆ ಪಾತ್ರಗಳು ಆಗಾಗ ಪಾಠ ಮಾಡೋಕೆ ನಿಂತುಬಿಡ್ತಾವೆ. ಥ್ರಿಲ್ಲರ್ ಅಂದ್ರೆ ಗಡಿಯಾರ ಸ್ವಾಮಿ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ನೋಡಿ, ಏಲಕ್ಕಿ ಮಾರೋಕೆ ಹೊರಟ ಗಂಡ ಹೆಂಡತಿ, ಹೆಚ್ಚುಕಮ್ಮಿ ಒಂದೇ ದಿನದ ಕಥೆ. ಅದು 1994ರದು, ನಿಮ್ಮವರೆಲ್ಲ ಓದಿರ್ತಾರೆ. ಹೊಸದು ಬೇಕಾದರೆ ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021). ಇಬ್ಬರು ಹುಡುಗರು ಬಾಗಿಲಿಗೆ ಬಂದು ಮಗಳನ್ನ ಕೇಳ್ತಾರೆ. ಮಗಳು ಊರಲ್ಲಿದ್ದಾಳೆ, ಫೋನ್ ಸಿಗದ ಕಡೆ. ಅಷ್ಟರಲ್ಲೇ ಅಪ್ಪನ ಎದೆಬಡಿತ ಏರುತ್ತೆ. ಕೊಲೆಗಾರ ಯಾರು ಅಂತ ಹುಡುಕೋ ಚಟದವರಿಗೆ ಮಾತ್ರ ಕೊಡಬೇಡಿ. ಹೇಳ್ತಿರೋ ಅಪ್ಪನನ್ನ ಎಷ್ಟು ನಂಬಬೇಕು, ಅಲ್ಲಿದೆ ಅದರ ಪತ್ತೇದಾರಿ.

ಅಟ್ಟದ ಗೂಬೆ: ಗೋಥಿಕ್‌ಗೆ, ಅಂದ್ರೆ ಹಳೇ ಮನೆಯ ಗುಟ್ಟು ಕಾಡೋ ಕಥೆಗೆ, ಸಿಲ್ವಿಯಾ ಮೊರೆನೊ-ಗಾರ್ಸಿಯಾ ಬರೆದ ‘ಮೆಕ್ಸಿಕನ್ ಗೋಥಿಕ್’ (2020), ಇಂಗ್ಲಿಷಿನದು. 1950ರ ದಶಕ, ಗುಡ್ಡದ ಮೇಲೆ ಹೈ ಪ್ಲೇಸ್ ಅನ್ನೋ ಮನೆ, ಬೆಳ್ಳಿ ಗಣಿಯಿಂದ ಎದ್ದು ಗಣಿ ಜೊತೆಗೇ ಬಿದ್ದ ಇಂಗ್ಲಿಷ್ ಕುಟುಂಬ, ಗೋಡೆ ತುಂಬ ಬೂಷ್ಟು. ಏನೂ ಆಗ್ತಿಲ್ಲ ಅಂತ ಜನ ಬಿಟ್ಟುಬಿಡೋದು ಮೊದಲರ್ಧದಲ್ಲೇ. ಆ ಬೂಷ್ಟಿನ ಮೇಲೆ ಕಣ್ಣಿಟ್ಟಿರಿ ಅಂತ ಮೊದಲೇ ಹೇಳಿಬಿಡಿ, ಸಾಕು.

ಇರುವೆಸಾಲು: ಅಷ್ಟು ದೂರ ಯಾಕೆ? ಅದೇ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದೆಯಲ್ಲ, 2013ರದು.

ಅಟ್ಟದ ಗೂಬೆ: ಅದು ಗೋಥಿಕ್ಕಾ ಮಾರಾಯ್ರೇ? ಬೆಂಗಳೂರಲ್ಲಿ ಮಸಾಲೆ ಪುಡಿ ವ್ಯಾಪಾರದ ಸಂಸಾರ! ಈ ಪ್ರಕಾರದ ಮೊದಲ ಪುಸ್ತಕ, ಹೊರೇಸ್ ವಾಲ್‌ಪೋಲ್‌ನ ‘ದಿ ಕಾಸಲ್ ಆಫ್ ಒಟ್ರಾಂಟೊ’ (1764) ತಗೊಳ್ಳಿ. ಮದುವೆ ದಿನವೇ ಆಕಾಶದಿಂದ ದೈತ್ಯ ಶಿರಸ್ತ್ರಾಣ ಬಿದ್ದು ಮದುಮಗ ಜಜ್ಜಿಹೋಗ್ತಾನೆ. ಮುತ್ತಜ್ಜ ವಿಷವಿಕ್ಕಿ ಹೊಡಕೊಂಡ ಕೋಟೆ, ಮರಿಮಗನ ತಲೆಗೆ ಬಂತು. ಗೋಥಿಕ್‌ಗೆ ಹಳೇ ಪಾಪ ಬೇಕು, ಹಳೇ ಮನೆ ಬೇಕು. ‘ಘಾಚರ್ ಘೋಚರ್’ನಲ್ಲಿರೋದು ಮೊನ್ನೆ ಬಂದ ದುಡ್ಡು.

ಇರುವೆಸಾಲು: ಶಿರಸ್ತ್ರಾಣ ಬಿಡಿ, ಮನೆ ಏನು ಮಾಡುತ್ತೆ ನೋಡಿ. ಡಾಫ್ನೆ ಡು ಮೊರಿಯೆಯ ‘ರೆಬೆಕ್ಕಾ’ (1938) ಗೋಥಿಕ್ ಅಂತ ನೀವೇ ಒಪ್ತೀರಿ. ಅದರಲ್ಲಿ ಕಥೆ ಹೇಳೋಳಿಗೆ ಹೆಸರಿಲ್ಲ. ‘ಘಾಚರ್ ಘೋಚರ್’ನಲ್ಲಿ ಹೇಳೋನಿಗೂ ಇಲ್ಲ. ಮನೆ ನುಂಗಿಬಿಟ್ಟಿದೆ. ಹಳೇ ಬಾಡಿಗೆ ಮನೆಯ ಇರುವೆಗಳನ್ನ ಮನೆಮಂದಿ ಕೊಲ್ಲೋ ಪುಟಗಳನ್ನ ನಿಧಾನಕ್ಕೆ ಓದಿ. ಮೊದಲು ಕಾಟ ತಡೀಲಾರದೆ ಕೊಲ್ತಾರೆ, ಬರಬರ್ತಾ ಅದರಲ್ಲೊಂದು ಖುಷಿ. ಆಮೇಲೆ ಚಿಕ್ಕಪ್ಪನ್ನ ಕೇಳ್ಕೊಂಡು ಒಬ್ಬ ಹೆಂಗಸು ಗೇಟಿಗೆ ಬರ್ತಾಳೆ, ಮಸೂರ ಬೇಳೆ ಅಡುಗೆ ಡಬ್ಬಿಗೆ ಹಾಕ್ಕೊಂಡು. ಡಬ್ಬಿ ಚೆಲ್ಲುತ್ತೆ. ಮನೆ ಹೆಂಗಸರ ಬಾಯಿ ಕೇಳಿ ಆಗ. ಎರಡೂ ದೃಶ್ಯ ಪಕ್ಕಪಕ್ಕ ಇಟ್ಟು ನೋಡಿದರೆ ಕೋಟೆ ಯಾವುದು ಅಂತ ಗೊತ್ತಾಗುತ್ತೆ. ಇದಕ್ಕಿಂತ ಹೆಚ್ಚು ಹೇಳಿದ್ರೆ ಕೊನೆ ಬಿಟ್ಟುಕೊಟ್ಟ ಹಾಗೆ.

ಅಟ್ಟದ ಗೂಬೆ: ಭಯ ಇದೆ, ಒಪ್ಪಿದೆ. ಆದರೂ ಭಯ ಇದ್ದದ್ದೆಲ್ಲ ಗೋಥಿಕ್ ಅಲ್ಲ.

ರಾತ್ರಿಪಾಳಿ: ಹಳೇ ಗೋಥಿಕ್ ಕಾದಂಬರಿಗಾರ್ತಿ ಆನ್ ರಾಡ್‌ಕ್ಲಿಫ್ ಈ ಗೆರೆಯನ್ನ ಯಾವಾಗಲೋ ಎಳೆದಿದ್ದಾಳೆ, ಅವಳು ಸತ್ತ ಮೇಲೆ 1826ರಲ್ಲಿ ಅಚ್ಚಾದ ಪ್ರಬಂಧದಲ್ಲಿ. ಅಂಜಿಕೆ ಮನಸ್ಸನ್ನ ಚುರುಕು ಮಾಡುತ್ತೆ, ಬೀಭತ್ಸ ಅದನ್ನ ಮರಗಟ್ಟಿಸುತ್ತೆ. ಅಟ್ಟದ ಮೇಲೆ ಸಪ್ಪಳ ಕೇಳಿಸೋದು ಬೇರೆ, ಹೆಣ ಎದುರಿಗೇ ಬೀಳೋದು ಬೇರೆ. ಆ ಲೆಕ್ಕದಲ್ಲಿ ‘ಘಾಚರ್ ಘೋಚರ್’ ಸಪ್ಪಳದ ಕಡೆಗೇ. ಹೆಣ ಬೇಕು ಅನ್ನೋರಿಗೆ ಹಾರರ್ ತಿಂಗಳು ಇದೆಯಲ್ಲ.

ಗ್ರಂಥಾಲಯದ ಮೂಲೆ: ಹಾರರ್‌ಗೆ ಹೊಸ ಕನ್ನಡ ಕಾದಂಬರಿ ಹುಡುಕೋದೇ ಕಷ್ಟ, ಸಣ್ಣಕಥೆಗಳಾದರೆ ಸಿಗ್ತಾವೆ. ಹಳೇದು ನಡೆಯೋದಾದ್ರೆ ತೆಲುಗಿನಿಂದ ಬಂದ ಯಂಡಮೂರಿಯವರ ‘ತುಳಸಿದಳ’. ಮಗುವಿಗೆ ಮಾಟ, ಒಂದು ಕಡೆ ಮಂತ್ರವಾದಿ, ಇನ್ನೊಂದು ಕಡೆ ವೈದ್ಯ. ಯಾರಿಂದ ಏನಾಯ್ತು ಅನ್ನೋದಕ್ಕೆ ಎರಡು ಉತ್ತರವೂ ನಿಲ್ಲುತ್ತೆ, ಅದೇ ಅದರ ಜಾಣತನ. ವಾರಪತ್ರಿಕೆಯ ಧಾರಾವಾಹಿಯಾಗಿ ಬಂದದ್ದು, ಹಾಗಾಗಿ ಕಂತುಕಂತಿಗೂ ಒಂದು ಬೆಚ್ಚಿಬೀಳಿಸೋ ಕೊಕ್ಕೆ. ಒಂದೇ ಏಟಿಗೆ ಓದಿದರೆ ಕೊಕ್ಕೆಗಳು ಮಾಮೂಲಾಗ್ತಾವೆ. ದಿನಕ್ಕೆ ಎರಡು ಮೂರು ಅಧ್ಯಾಯ, ಸಾಕು. ಮನೇಲಿ ಪುಟ್ಟ ಮಕ್ಕಳಿರೋರಿಗೆ ವಿಷಯ ಏನು ಅಂತ ಮೊದಲೇ ತಿಳಿಸಿ.

ಮೆಣಸಿನಬಳ್ಳಿ: ಪ್ರೇಮಕ್ಕೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019). ಲಿಸ್ಬನ್ನಿನ ಯಹೂದಿ ಹುಡುಗಿ ಬೆಲ್ಲಾ, ದುಡ್ಡು ಮಾಡಿಕೊಂಡು ಬರ್ತೀನಿ ಅಂತ ಭಾರತಕ್ಕೆ ಹಡಗು ಹತ್ತೋ ಗೇಬ್ರಿಯಲ್.

ಗ್ರಂಥಾಲಯದ ಮೂಲೆ: ಅದನ್ನ ಪ್ರೇಮಕಥೆ ಅಂತ ಹೇಳಿ ಕೊಟ್ಟರೆ ಬೈಸಿಕೊಳ್ತೀರಿ. ಸಾಯಿಸುತೆ, ಉಷಾ ನವರತ್ನರಾಮ್ ಓದಿ ಬೆಳೆದವರಿಗೆ ಪ್ರೇಮದ ಕಾದಂಬರಿ ಅಂದ್ರೆ ಒಂದು ಭರವಸೆ, ಏನೇ ಆದರೂ ಕೊನೆಗೆ ಕೈಹಿಡೀತಾರೆ ಅಂತ. ಇದರಲ್ಲಿ ಯಹೂದಿಗಳ ಮೇಲಿನ ಹಿಂಸೆ ಇದೆ, ಸತಿ ಇದೆ, ಸಮುದ್ರದ ಮೇಲಿನ ನರಕ ಇದೆ. ಒಳ್ಳೇ ಪುಸ್ತಕ, ಐತಿಹಾಸಿಕ ಅಂತ ಹೇಳಿಯೇ ಕೊಡಿ. ದಪ್ಪ ಬೇರೆ. ದಿನಕ್ಕೆ 20 ಪುಟ ಹಾಕ್ಕೊಂಡ್ರೇ ತಿಂಗಳೊಳಗೆ ಮುಗಿಯೋದು.

ಓದುಮೇಜು: ಸರಿ. ಮೊದಲು ‘ಸಕೀನಾಳ ಮುತ್ತು’, ಎರಡನೇ ತಿಂಗಳು ‘ಘಾಚರ್ ಘೋಚರ್’, ಚಿಕ್ಕದು, ಎರಡು ಸಲ ಓದಬಹುದು. ಆಮೇಲೆ ‘ತುಳಸಿದಳ’. ಕೊನೆಗೆ ‘ತೇಜೋ ತುಂಗಭದ್ರಾ’, ಅದನ್ನ ಈಗಲೇ ಶುರುಮಾಡಿ ಅಂತ ಹೇಳ್ತೀನಿ.

ಅಟ್ಟದ ಗೂಬೆ: ಒಬ್ಬರೇ ಲೇಖಕರು ಎರಡು ತಿಂಗಳು ಸಾಲಾಗಿ ಬೇಡ. ಇಬ್ಬರ ದನಿಯೂ ಕಲಸಿಹೋಗುತ್ತೆ, ಎರಡರಲ್ಲೂ ಬಾಯಿ ಕಟ್ಟಿದ ಗಂಡಸೇ ಕಥೆ ಹೇಳೋದು. ಮಧ್ಯೆ ‘ತುಳಸಿದಳ’ ಹಾಕಿ. ಮತ್ತೆ ‘ಘಾಚರ್ ಘೋಚರ್’ ಎದುರಿಗೆ ಗೋಥಿಕ್ ಅಂತ ಬರೀಬೇಡಿ, ಜಾಗ ಖಾಲಿ ಬಿಡಿ.

ಇರುವೆಸಾಲು: ಖಾಲಿ ಬಿಡಿ. ಆ ಡಬ್ಬಿ ಚೆಲ್ಲೋ ಪುಟ ಮಾತ್ರ ಗಟ್ಟಿಯಾಗಿ ಓದಿಸಿ.