ವಾರಕ್ಕೆ 3 ದಿನ ಆಫೀಸ್: ಸಾಗರದಿಂದ ಓಡಾಡೋದಾ, ಬೆಂಗಳೂರಲ್ಲಿ ಮನೆ ಮಾಡೋದಾ, ಕೆಲಸ ಬದಲಿಸೋದಾ?

ಜಂಬಗಾರು_ಟೆಸ್ಟರ್ ಕೇಳಿದ್ದು:

ಕಂಪನಿ ಬೆಂಗಳೂರಿನದು, ಕೆಲಸ ಸಾಗರದ ಸ್ವಂತ ಮನೆಯಿಂದ. ಮುಂದಿನ ಕ್ವಾರ್ಟರ್‌ನಿಂದ ಮಂಗಳವಾರ, ಬುಧವಾರ, ಗುರುವಾರ ಎಲೆಕ್ಟ್ರಾನಿಕ್ ಸಿಟಿ ಆಫೀಸಿಗೆ ಬರಲೇಬೇಕು ಅಂತ ಮೇಲ್ ಬಂದಿದೆ. ಲೆಕ್ಕಕ್ಕೆ ಬೇಕಾದ ವಿವರ: ಕಂಪನಿಯ ಪಿಎಫ್ ಪಾಲು ಬಿಟ್ಟು ವರ್ಷಕ್ಕೆ 13.2 ಲಕ್ಷ, ಬೇಸಿಕ್ (ಮೂಲ ವೇತನ) ತಿಂಗಳಿಗೆ 55,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 22,000, ಹೊಸ ತೆರಿಗೆ ಪದ್ಧತಿ, ನೋಟಿಸ್ 90 ದಿನ, ಸೇರಿ 4 ವರ್ಷ 7 ತಿಂಗಳು. ಪೂರ್ತಿ ರಿಮೋಟ್ ಇರೋ ಇನ್ನೊಂದು ಕಡೆ 12.75 ಲಕ್ಷಕ್ಕೆ ಮಾತುಕತೆ ನಡೀತಿದೆ.

ಬೆಂಗಳೂರಲ್ಲಿ 15,000ದ ಮನೆ ಹಿಡಿದರೆ ಎಚ್‌ಆರ್‌ಎಯಲ್ಲಿ ಎಷ್ಟು ವಾಪಸ್ ಬರುತ್ತೆ? ಓಡಾಡೋದಾದರೆ ಖರ್ಚೆಷ್ಟು? "ಬರಲ್ಲ" ಅಂದರೆ ಕಾನೂನಿನ ಪ್ರಕಾರ ಏನಾಗುತ್ತೆ?

---

ಲೆಕ್ಕದ_ಪುಸ್ತಕ:

ಎಚ್‌ಆರ್‌ಎ ಆಸೆ ಮೊದಲು ಬಿಡಿ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ. ಹಳೆಯದಕ್ಕೆ ಹೋದರೆ ಹೇಗೆ ಅಂತ ನೋಡೋಣ, 2025-26ರ ದರದಲ್ಲಿ.

ಬಾಡಿಗೆ ವರ್ಷಕ್ಕೆ 1,80,000. ಅದರಿಂದ ಬೇಸಿಕ್‌ನ 10%, ಅಂದರೆ 66,000 ಕಳೆದರೆ 1,14,000. ಕೈಗೆ ಬರೋ ಎಚ್‌ಆರ್‌ಎ 2,64,000. ಬೇಸಿಕ್‌ನ 40% ಕೂಡ ಅಷ್ಟೇ. ಮೂರರಲ್ಲಿ ಕಡಿಮೆ ಯಾವುದೋ ಅದೇ ವಿನಾಯಿತಿ, ಹಾಗಾಗಿ 1,14,000. ಇದರ ಜೊತೆ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500, 80ಸಿ (ಪಿಎಫ್, ವಿಮೆಯಂಥ ಉಳಿತಾಯ) ಪೂರ್ತಿ 1,50,000 ಕಳೆದರೂ ತೆರಿಗೆಗೆ ಒಳಪಡೋದು 10,03,500. ಸೆಸ್ ಸೇರಿ ತೆರಿಗೆ 1,18,092.

ಹೊಸ ಪದ್ಧತಿಯಲ್ಲಿ 75,000 ಕಳೆದು ಉಳಿಯೋದು 12,45,000. ಸ್ಲ್ಯಾಬ್ ಪ್ರಕಾರ 66,750 ಬರುತ್ತೆ. ಆದರೆ 12 ಲಕ್ಷದ ಮೇಲೆ ಸ್ವಲ್ಪವೇ ದಾಟಿದವರಿಗೆ ಮಾರ್ಜಿನಲ್ ರಿಲೀಫ್ ಇದೆ: ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಹಾಕೋ ಹಾಗಿಲ್ಲ. ಆದ್ದರಿಂದ 45,000, ಸೆಸ್ ಸೇರಿ 46,800. ಅಲ್ಲಿಗೆ ಬೆಂಗಳೂರಿನ ಬಾಡಿಗೆ ಪೂರ್ತಿ ನಿಮ್ಮ ಜೇಬಿನದ್ದೇ, ಒಂದು ಪೈಸೆ ವಾಪಸಿಲ್ಲ.

ಈಗ ಮಜಾ ನೋಡಿ. 13.2 ಲಕ್ಷದಲ್ಲಿ ತೆರಿಗೆ ಹೋಗಿ ಉಳಿಯೋದು 12,73,200. 12.75 ಲಕ್ಷಕ್ಕೆ ತೆರಿಗೆ ಸೊನ್ನೆ. 45,000 ಕಡಿಮೆ ಸಂಬಳದ ಕೆಲಸದಲ್ಲಿ ಕೈಗೆ 1,800 ಹೆಚ್ಚೇ ಬರುತ್ತೆ! ಆದರೆ ಆ 12.75 ಒಟ್ಟು ಸಂಬಳವಾ, ಸಿಟಿಸಿಯಾ (ಕಂಪನಿಗೆ ತಗಲೋ ಒಟ್ಟು ವೆಚ್ಚ) ಅಂತ ಇವತ್ತೇ ಕೇಳಿ. ಎಡವೋದು ಇಲ್ಲೇ. ಸಿಟಿಸಿ ಆಗಿದ್ದು, ಬೇಸಿಕ್ ಅದರ ಅರ್ಧ ಅಂತಿದ್ದರೆ, ಕಂಪನಿಯ ಪಿಎಫ್ ಪಾಲು 76,500, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗೋ ಸೇವಾ ಮೊತ್ತ) ಹೆಸರಲ್ಲಿ 4.81% ಅಂತ 30,660 ಒಳಗೇ ಹೋಗುತ್ತೆ. ನಿಜವಾದ ಸಂಬಳ 11,67,840ಕ್ಕೆ ಇಳಿಯುತ್ತೆ. ಆಗ ವ್ಯತ್ಯಾಸ ವರ್ಷಕ್ಕೆ ಸುಮಾರು 1.05 ಲಕ್ಷ. ಇದಕ್ಕಿಂತ ಓಡಾಟದ ಖರ್ಚು ಹೆಚ್ಚಾ ಕಡಿಮೆಯಾ ಅನ್ನೋದೇ ನಿಮ್ಮ ಪ್ರಶ್ನೆ.

---

ಹುಬ್ಳಿ_ಹೈಬ್ರಿಡ್:

ಓಡಾಟದ ಲೆಕ್ಕಾ ನಾ ಹೇಳ್ತೀನ್ರಿ. ವಾರಕ್ಕ ಮೂರು ದಿನಾ ಅನ್ನೋದು ಬೆಂಗಳೂರಾಗ ಇರೋರಿಗೆ ಮಾಡಿದ ನಿಯಮ. 350 ಕಿಲೋಮೀಟರ್ ದೂರ ಇರೋರಿಗೆ ಇದಕ್ಕಿಂತ ಕೆಟ್ಟ ವ್ಯವಸ್ಥಾ ಇನ್ನೊಂದಿಲ್ಲ. ಐದೂ ದಿನಾ ಬಾ ಅಂದ್ರ ಮನೀನಾದ್ರೂ ಮಾಡಬಹುದು, ತಿಂಗಳಿಗೊಮ್ಮೆ ಬಾ ಅಂದ್ರ ಚಿಂತೀನ ಇಲ್ಲ. ಇದು ಎರಡರ ನಡುವ ಸಿಕ್ಕಿ ಸಾಯೋದು.

ಸೋಮವಾರ ರಾತ್ರಿ ಹೊರಟು ಗುರುವಾರ ರಾತ್ರಿ ವಾಪಸ್ ಅಂದ್ರ ತಿಂಗಳಿಗೆ ಎಂಟೊಂಬತ್ತು ರಾತ್ರಿ ಗಾಡಿಯೊಳಗ. ರೈಲು, ಬಸ್ ಕೂಡಿಸಿ ಸರಾಸರಿ 700 ಹಿಡೀರಿ, 6,000 ಆತು. ಮಂಗಳವಾರ, ಬುಧವಾರದ ರಾತ್ರಿಗೆ ದಿನದ ಲೆಕ್ಕದ ಪಿಜಿ 800 ಅಂದ್ರ 6,900. ಊಟ, ಮೆಟ್ರೊ ದಿನಕ್ಕ 250 ಅಂದ್ರೂ 3,250. ಒಟ್ಟು 16,000 ಮುಟ್ಟತೈತಿ, ವರ್ಷಕ್ಕ 1.9 ಲಕ್ಷ. ಇದು ಹಬ್ಬ ಇಲ್ಲದ ತಿಂಗಳಿಂದು. ದೀಪಾವಳಿ ಮುಂದ ಖಾಸಗಿ ಬಸ್ಸಿನೋರು ಕೇಳೋ ರೇಟು ಬ್ಯಾರೇನ.

ತಾಳಗುಪ್ಪ ರಾತ್ರಿ ರೈಲು ಸಸ್ತಾ, ಖರೆ. ಆದ್ರ 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 60 ದಿನಕ್ಕ ಇಳಿದೈತಿ. ವಾರಾ ವಾರಾ ಹೋಗೋರು ಯಾವಾಗ್ಲೂ ಎರಡು ತಿಂಗಳ ಟಿಕೆಟ್ ಕೈಯಾಗ ಇಟ್ಕೋಬೇಕು. ತತ್ಕಾಲ್ ನಂಬಬ್ಯಾಡ್ರಿ, 2025ರ ಜುಲೈಯಿಂದ ಆನ್‌ಲೈನ್ ತತ್ಕಾಲಿಗೆ ಆಧಾರ್ ದೃಢೀಕರಣ ಬೇಕು. ಆ ಖಾತೆ ಜೋಡಣಿ ಮೊದಲ ಮಾಡಿ ಇಡ್ರಿ, ಹೊರಡೋ ಹಿಂದಿನ ದಿನ ಬೆಳಿಗ್ಗೆ 11ಕ್ಕ ಸ್ಲೀಪರ್ ತತ್ಕಾಲ್ ತೆಗೆದಾಗ ಪರದಾಡಬ್ಯಾಡ್ರಿ.

ಒಂದು ಚಲೋ ಸುದ್ದಿ ಅಂದ್ರ ನಿಮ್ಮ ಆಫೀಸ್ ಎಲೆಕ್ಟ್ರಾನಿಕ್ ಸಿಟಿ. 2025ರ ಆಗಸ್ಟಿನಾಗ ಮೆಟ್ರೊ ಹಳದಿ ಮಾರ್ಗ ಶುರು ಆಗಿಂದ ಮೆಜೆಸ್ಟಿಕ್ ಅಥವಾ ಯಶವಂತಪುರದಾಗ ಇಳಿದು ಹಸಿರು ಮಾರ್ಗ ಹಿಡಿದು, ಆರ್‌ವಿ ರೋಡಿನಾಗ ಬದಲಿಸಿದ್ರ ರಸ್ತೆ ಮುಟ್ಟದ ಹೋಗಬಹುದು. 2025ರ ದರದಾಗ ಟಿಕೆಟ್ 90 ರೂಪಾಯಿ ದಾಟಂಗಿಲ್ಲ, ಸ್ಮಾರ್ಟ್ ಕಾರ್ಡಿಗೆ 5% ಕಡಿಮಿ. ಬೆಳ್ಳಂದೂರು ಕಡೆ ಆಫೀಸ್ ಆಗಿದ್ರ ನೀಲಿ ಮಾರ್ಗ ಬರೋ ತನಕ ಸಿಲ್ಕ್ ಬೋರ್ಡಿನ ದರ್ಶನ ತಪ್ಪತಿದ್ದಿಲ್ಲ. ಹೆಣ್ಣುಮಕ್ಕಳಾಗಿದ್ರ ಬಿಎಂಟಿಸಿ ಸಾದಾ ಬಸ್ಸಿಗೆ ಶಕ್ತಿ ಯೋಜನೆ ನಡೀತದ, ಎಸಿ ವಜ್ರದಾಗ ನಡ್ಯಂಗಿಲ್ಲ.

ಈಗ ಮುಖ್ಯ ಮಾತು. "ವಾರಕ್ಕ 3" ಬದಲಿ "ತಿಂಗಳಿಗೆ 12, ಒಟ್ಟಿಗೆ" ಅಂತ ಕೇಳ್ರಿ. ಮೊದಲ ಸೋಮವಾರ ಮುಂಜಾನೆ ಬಂದು ಮೂರನೇ ವಾರದ ಮಂಗಳವಾರ ರಾತ್ರಿ ಹೊರಟ್ರ 12 ಕೆಲಸದ ದಿನ ಆತು. ಪಿಜಿ 15 ರಾತ್ರಿ, ಪ್ರಯಾಣ ಎರಡ. ಖರ್ಚು ಇದೂ 16,000 ದಾಟತೈತಿ, ಅಂದ್ರ ರೊಕ್ಕಾ ಉಳಿಯಂಗಿಲ್ಲ. ಉಳಿಯೋದು ನಿದ್ದಿ. ಒಂಬತ್ತು ರಾತ್ರಿ ಹೋಗಿ ಎರಡ ಆಗತಾವ.

---

ಕಡತ_ವಿಭಾಗ:

ಮೇಲಿನವರ ಮಾತು ಸರಿ, ಆದರೆ ಅದನ್ನು ಕೇಳೋ ಮುಂಚೆ ಹಾಜರಾತಿ ಹೇಗೆ ಎಣಿಸ್ತಾರೆ ಅಂತ ನೀತಿಯ ಮೇಲ್‌ನಲ್ಲಿ ಹುಡುಕಿ. ವಾರದ ಲೆಕ್ಕವಾ, ತಿಂಗಳ ಸರಾಸರಿಯಾ, ಕ್ವಾರ್ಟರ್ ಸರಾಸರಿಯಾ? ರಜೆ ಹಾಕಿದ ದಿನವನ್ನು ಒಟ್ಟು ಕೆಲಸದ ದಿನಗಳಿಂದ ಕಳೆಯುತ್ತಾರಾ? ಬುಧವಾರ ಸರ್ಕಾರಿ ರಜೆ ಬಿದ್ದರೆ ಶುಕ್ರವಾರ ಬರಬೇಕಾ? ಒಳಗೆ ಬಂದ ಸ್ವೈಪ್ ಮಾತ್ರವಾ, ಒಳಗಿದ್ದ ಗಂಟೆಯೂ ಲೆಕ್ಕವಾ? ಕಾಫಿ ಕುಡಿದು ವಾಪಸ್ ಹೋಗೋರು ಹೆಚ್ಚಾದ ಮೇಲೆ ಗಂಟೆ ಎಣಿಸೋ ಕಡೆಗಳೇ ಜಾಸ್ತಿ. ಮಾಸಿಕ ಲೆಕ್ಕ ಹೊಸದೇನಲ್ಲ, ಇನ್ಫೋಸಿಸ್ 2025ರಲ್ಲಿ ತಂದದ್ದು ತಿಂಗಳಿಗೆ 10 ದಿನದ ನಿಯಮವೇ. ಉದಾಹರಣೆಯಾಗಿ ಕೊಡಬಹುದು.

ಕಾನೂನು: ಮನೆಯಿಂದ ಕೆಲಸ ಮಾಡೋದು ನಮ್ಮಲ್ಲಿ ಸಾಮಾನ್ಯ ಹಕ್ಕಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ರಜೆ ಮುಗಿದ ಮೇಲೆ ಮನೆಯಿಂದ ಕೆಲಸಕ್ಕೆ ಅವಕಾಶ ಬಂತು, ಅದೂ ಇಬ್ಬರೂ ಒಪ್ಪಿದರೆ ಮಾತ್ರ. ಉಳಿದವರಿಗೆ ನೇಮಕಾತಿ ಪತ್ರವೇ ಆಧಾರ. ಅದರಲ್ಲಿ "ಕೆಲಸದ ಸ್ಥಳ ಬೆಂಗಳೂರು, ಮುಂದಿನ ಸೂಚನೆವರೆಗೆ ಮನೆಯಿಂದ" ಅಂತಿದ್ದರೆ, ಬರಲ್ಲ ಅನ್ನೋದು ಆದೇಶ ಉಲ್ಲಂಘನೆ. ಗೈರುಹಾಜರಿ ನೋಟಿಸ್ ಬರುತ್ತೆ, ಅದು ರಿಲೀವಿಂಗ್ ಪತ್ರದವರೆಗೂ ಹಿಂಬಾಲಿಸುತ್ತೆ. "ಕೆಲಸದ ಸ್ಥಳ ಸಾಗರ, ರಿಮೋಟ್" ಅಂತಿದ್ದರೆ ಕಂಪನಿ ನಿಮ್ಮ ಸೇವಾ ಷರತ್ತು ಬದಲಿಸ್ತಿದೆ ಅಂತ ಅರ್ಥ. ಆಗ ತಿದ್ದುಪಡಿ ಪತ್ರ ಕಳಿಸ್ತಾರೆ. "ಸ್ವಇಚ್ಛೆಯಿಂದ ಸ್ಥಳ ಬದಲಾಯಿಸುತ್ತಿದ್ದೇನೆ" ಅನ್ನೋ ಸಾಲಿದ್ದರೆ ಸಹಿ ಹಾಕೋ ಮುಂಚೆ ಸ್ಥಳಾಂತರ ಭತ್ಯೆ ಕೇಳಿ. ಆಮೇಲೆ ಕೇಳಿದರೆ ಯಾರೂ ಕೊಡಲ್ಲ.

ಮೇಲ್ ಬರೆಯುವಾಗ "ಬರಲು ಆಗುವುದಿಲ್ಲ" ಅನ್ನೋ ವಾಕ್ಯವೇ ಬೇಡ. ಮೊದಲ ಸಾಲಲ್ಲೇ ತಿಂಗಳಿಗೆ 12 ದಿನ ಒಪ್ಪಿದ್ದೀನಿ ಅಂತ ಇರಲಿ. ಆಮೇಲೆ ಮೂರು ತಿಂಗಳ ದಿನಾಂಕಗಳನ್ನೇ ಬರೆದು ಕೊಡಿ. ಆ ದಿನಾಂಕಗಳು ಸ್ಪ್ರಿಂಟ್ ಪ್ಲಾನಿಂಗ್‌ಗೋ (ತಂಡದ ಮುಂದಿನ ಕೆಲಸ ಹಂಚೋ ಸಭೆ) ರಿಲೀಸ್‌ಗೋ ಹೊಂದಬೇಕು, ಇಲ್ಲದಿದ್ದರೆ ಮ್ಯಾನೇಜರ್‌ಗೆ ತಮ್ಮ ಮೇಲಿನವರ ಹತ್ತಿರ ವಾದ ಮಾಡೋಕೆ ಕಾರಣವೇ ಇರಲ್ಲ. ಮೂರು ತಿಂಗಳು ಪ್ರಯೋಗ, ಆಮೇಲೆ ಮರುಪರಿಶೀಲನೆ ಅನ್ನಿ. ಒಪ್ಪಿಗೆ ಮೌಖಿಕ ಆದರೆ ಅವತ್ತೇ "ಮಾತಾಡಿದ ಹಾಗೆ" ಅಂತ ಮೇಲ್ ಹಾಕಿ ದಾಖಲೆ ಮಾಡಿ. ಮ್ಯಾನೇಜರ್ ಬದಲಾದ ದಿನ ಬಾಯಿಮಾತಿಗೆ ಬೆಲೆ ಇಲ್ಲ.

ಇನ್ನೊಂದು, 4 ವರ್ಷ 7 ತಿಂಗಳು ಅಂದಿರಿ. ಇವತ್ತೇ ರಾಜೀನಾಮೆ ಕೊಟ್ಟರೆ ನೋಟಿಸ್ ಮುಗಿಯೋದು 4 ವರ್ಷ 10 ತಿಂಗಳಿಗೆ. ಗ್ರಾಚ್ಯುಟಿಗೆ 5 ವರ್ಷ ಬೇಕು. 4 ವರ್ಷ 240 ದಿನ ಸಾಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದ ತೀರ್ಪು ಇದೆ, ಆದರೆ ಅದನ್ನು ಹಿಡಿದು ಕಂಪನಿ ಜೊತೆ ಗುದ್ದಾಡೋದಕ್ಕಿಂತ ಎರಡು ತಿಂಗಳು ತಡೆದು ಕೊಡೋದು ವಾಸಿ. ಬೇಸಿಕ್ 55,000ಕ್ಕೆ 15/26 (26 ದಿನದ ತಿಂಗಳಲ್ಲಿ 15 ದಿನದ ಸಂಬಳ) ಹಾಕಿ 5 ವರ್ಷದಿಂದ ಗುಣಿಸಿದರೆ 1,58,654. ನೋಟಿಸ್ ಖರೀದಿಸಿ (ಉಳಿದ ದಿನಗಳಿಗೆ ದುಡ್ಡು ಕಟ್ಟಿ) ಬೇಗ ಬಿಡಿಸ್ತೀವಿ ಅಂತ ಹೊಸ ಕಂಪನಿ ಹೇಳಿದರೆ ಸೇವೆಯ ದಿನ ಕಡಿಮೆಯಾಗುತ್ತೆ, ಅದನ್ನೂ ಎಣಿಸಿ. ಪಿಎಫ್ ತೆಗೀಬೇಡಿ, ವರ್ಗಾಯಿಸಿ.

---

ಮಳೆಗಾಲ_ಬ್ಯಾಕಪ್:

ರಿಮೋಟ್ ಕೆಲಸವೇ ಆಯ್ಕೆ ಮಾಡಿದರೆ, ಸಾಗರದ ಜೂನ್, ಜುಲೈ, ಆಗಸ್ಟ್ ಲೆಕ್ಕಕ್ಕೆ ತಗೊಳ್ಳಿ. ಹೊಸ ಕಂಪನಿಯ ಪ್ರೊಬೇಷನ್ ಮಳೆಗಾಲದಲ್ಲಿ ಬಿದ್ದರೆ, ಮೂರು ಸಲ ಕಾಲ್ ಕಟ್ಟಾದರೆ ಅಲ್ಲಿಗೇ ಹೆಸರು ಕೆಡುತ್ತೆ.

ಲ್ಯಾಪ್‌ಟಾಪ್ 60 ವ್ಯಾಟ್, ಮಾನಿಟರ್ 25, ರೌಟರ್ 12, ಸಾಮಾನ್ಯ ಫ್ಯಾನ್ 75, ಒಟ್ಟು 172. 12 ವೋಲ್ಟ್‌ನ 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಗಂಟೆ ಇದ್ದರೂ, 80% ಮಾತ್ರ ಬಳಸಿ, ಇನ್ವರ್ಟರ್ ನಷ್ಟ 20% ಕಳೆದರೆ 1,150. ಅಂದರೆ ಆರೂವರೆ ಗಂಟೆ. ಫ್ಯಾನ್ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಹಾಕಿದರೆ ಒಂಬತ್ತು. ಮಳೆಗಾಲದಲ್ಲಿ ಫ್ಯಾನೇ ಬೇಡ ಅನ್ನಿ.

ಆದರೆ ಮನೇಲಿ ಕರೆಂಟ್ ಇದ್ದೂ ನೆಟ್ ಹೋಗೋದು ಬೇರೆ ಕಾರಣಕ್ಕೆ. ಕನೆಕ್ಷನ್ ಜಿಪಾನ್ (ಮನೆವರೆಗೂ ಫೈಬರ್) ಆಗಿದ್ದರೆ ದಾರಿಯಲ್ಲಿರೋ ಸ್ಪ್ಲಿಟರ್‌ಗೆ (ಲೈನ್ ಹಂಚೋ ಪೆಟ್ಟಿಗೆಗೆ) ಕರೆಂಟ್ ಬೇಡ, ಎಕ್ಸ್‌ಚೇಂಜ್‌ನಲ್ಲಿ ಬ್ಯಾಕಪ್ ಇದ್ದರೆ ಸಾಕು. ಲೋಕಲ್ ಕೇಬಲ್‌ನವರು ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಸ್ವಿಚ್ ಇಟ್ಟು ಅಲ್ಲಿಂದ ತಾಮ್ರದ ವೈರ್ ಎಳೆದಿದ್ದರೆ, ಆ ಬೀದಿಯ ಕರೆಂಟ್ ಹೋದರೆ ನಿಮ್ಮ ಇನ್ವರ್ಟರ್ ಏನೂ ಮಾಡಲ್ಲ. ಸಿಡಿಲಿಗೆ ಪೋರ್ಟ್ ಸುಡೋದೂ ಆ ತಾಮ್ರದ ವೈರಿಂದಲೇ. ಮನೆಯೊಳಗೆ ಬರೋದು ತೆಳು ಫೈಬರ್ರಾ, ದಪ್ಪ ನೆಟ್‌ವರ್ಕ್ ಕೇಬಲ್ಲಾ ಅಂತ ನೋಡಿದರೆ ಗೊತ್ತಾಗುತ್ತೆ. ಎರಡನೇ ದಾರಿಯಾಗಿ ಬೇರೆ ಕಂಪನಿಯ ಸಿಮ್ ಇರಲಿ. ಅದೇ ಕಂಪನಿಯ ಫೈಬರ್ರು, ಅದೇ ಕಂಪನಿಯ ಮೊಬೈಲು ಇಟ್ಟುಕೊಂಡರೆ ಒಂದೇ ಲೈನ್ ಕಟ್ಟಾದಾಗ ಎರಡೂ ಮಲಗಬಹುದು.

ಸ್ಪೀಡ್ ನೋಡಿ ಮೋಸ ಹೋಗಬೇಡಿ. ವಿಡಿಯೋ ಕಾಲ್‌ಗೆ 4 ಎಂಬಿಪಿಎಸ್ ಸಾಕು. ಮಳೆ ಬರೋವಾಗ ಹತ್ತು ನಿಮಿಷ ಪಿಂಗ್ (ಲೈನ್ ಪರೀಕ್ಷಿಸೋ ಕಮಾಂಡ್) ಓಡಿಸಿ, ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗೋ ಡೇಟಾ) 2% ದಾಟಿದರೆ ಮಾತು ತುಂಡಾಗುತ್ತೆ.

---

ಜಂಬಗಾರು_ಟೆಸ್ಟರ್:

ಎಲ್ಲರಿಗೂ ಥ್ಯಾಂಕ್ಸ್. ಪತ್ರ ತೆಗೆದು ನೋಡಿದೆ: "ಬೆಂಗಳೂರು, ಮುಂದಿನ ಸೂಚನೆವರೆಗೆ ಮನೆಯಿಂದ". 12.75 ಸಿಟಿಸಿಯೇ ಅಂತೆ. ಎರಡು ತಿಂಗಳ ಮಟ್ಟಿಗೆ, ತಿಂಗಳಿಗೆ 12 ದಿನ ಒಟ್ಟಿಗೆ ಅಂತ ಕೇಳಿ ನೋಡ್ತೀನಿ, ಆಮೇಲೆ ರಾಜೀನಾಮೆ ವಿಚಾರ. 15 ದಿನಕ್ಕೆ ಪಿಜಿ ಕೊಡ್ತಾರಾ?

---

ಹುಬ್ಳಿ_ಹೈಬ್ರಿಡ್:

ಹದಿನೈದು ದಿನಕ್ಕೂ ಪೂರ್ತಿ ತಿಂಗಳ ಬಾಡಿಗಿ ಕೇಳೋರ ಭಾಳ. ನಿಮ್ಮಂಗ ಊರಿಂದ ಬರೋ ಇನ್ನೊಬ್ಬರನ್ನ ಅದೇ ಆಫೀಸಿನಾಗ ಹುಡುಕ್ರಿ, ಒಂದ ಬೆಡ್, ತಿಂಗಳ ಮೊದಲ ಅರ್ಧ ನಿಮ್ಮದು, ಕಡೀ ಅರ್ಧ ಅವರದು. ಮಾಲೀಕರಿಗೆ ಮೊದಲ ಹೇಳಿ ಇಬ್ಬರ ಆಧಾರ್ ಪ್ರತೀನೂ ಕೊಡ್ರಿ. ಕದ್ದು ಮಾಡಿದ್ರ ಅಡ್ವಾನ್ಸ್ ಹೋಗತೈತಿ. ಕೋನಪ್ಪನ ಅಗ್ರಹಾರ ನಿಲ್ದಾಣದಿಂದ ನಡ್ಕೊಂಡು ಹೋಗೋ ಅಂತರದಾಗ ನೋಡ್ರಿ, ಆಟೋದ ರೊಕ್ಕಾ ಉಳೀತೈತಿ.